ನಮ್ಮೋರ ರೇಟು

ಚೌಕಾಸಿಯಲ್ಲಿ ನಾನು ಶುದ್ಧ ದಡ್ಡಿ. ಅಂಗಡಿಯವನು ಬೆಲೆ ಹೇಳಿ ಮುಗಿಸುವ ಮೊದಲೇ ಪರ್ಸಿಗೆ ಕೈ ಹಾಕುವವಳು. ಹಾಗಾಗಿ ನ್ಯಾಮತಿಯಲ್ಲಿ ಮನೆ ಕಟ್ಟಿಸಿ, ತಾರಸಿ ತುಂಬ ಹೂವಿನ ಗಿಡ ಬೆಳೆಸಬೇಕೆಂಬ ಹುಚ್ಚು ಹತ್ತಿದಾಗ ಸವಳಂಗದ ಅಕ್ಕನನ್ನು ಜೊತೆಗೆ ಕರೆದೆ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಒಂದೇ ಶಾಲೆಯಲ್ಲಿ ನನ್ನೊಂದಿಗೆ ಪಾಠ ಮಾಡುವ ಹಿರಿಯರು. ಜಗಳೂರು ಕಡೆಯಿಂದ ನಾನು ವರ್ಗವಾಗಿ ಬಂದಾಗ ಬಾಡಿಗೆ ಮನೆ ಹುಡುಕಿಕೊಟ್ಟವರು, ನನ್ನ ಬಾಣಂತನದಲ್ಲಿ ರಜೆ ಹಾಕಿ ಬಂದು ನಿಂತವರು. ಒಡಹುಟ್ಟಿದವರೂ ನನಗೆ ಅಷ್ಟು ಮಾಡಿಲ್ಲ.

ಹೊನ್ನಾಳಿ ರಸ್ತೆಯಲ್ಲಿ ಸಿಮೆಂಟಿನ ಕುಂಡ ಮಾಡುವ ಜಾಗವೊಂದಿದೆ. ಐವತ್ತರ ಮೇಲೆ ಕೊಂಡರೆ ಹೋಲ್‌ಸೇಲ್ ರೇಟು. ನನಗೆ ಅಷ್ಟು ಬೇಕಿರಲಿಲ್ಲ. ಅಕ್ಕನ ಅಂಗಳಕ್ಕೂ ಕುಂಡ ಬೇಕಿದ್ದವು, ಇಬ್ಬರದೂ ಸೇರಿಸಿ ಒಂದೇ ಆರ್ಡರು ಕೊಡೋಣ ಎಂದರು.

ಅಚ್ಚಿನಿಂದ ಆಗಷ್ಟೇ ತೆಗೆದ ಕುಂಡಗಳ ಮೇಲೆ ಒದ್ದೆ ಗೋಣಿ ಹೊದಿಸಿದ್ದರು. ಅಕ್ಕ ಒಣಗಿದವುಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತ, ಇದರ ಅಂಚು ಮುಕ್ಕಾಗಿದೆ, ಅದರ ತಳಕ್ಕೆ ತೂತೇ ಇಲ್ಲ ಎಂದು ಮಾಲೀಕನ ತಲೆ ತಿಂದರು. ಅವನು ಸ್ವಲ್ಪ ಇಳಿದ. ಮಾತಿಗೆ ಮಾತು ಬೆಳೆದು, ಅಕ್ಕನ ತವರು ಚನ್ನಗಿರಿ ಕಡೆಯ ಕತ್ತಲಗೆರೆ ಎಂದು ಗೊತ್ತಾಯಿತು. ಅವನ ದೊಡ್ಡಮ್ಮನನ್ನು ಕೊಟ್ಟಿದ್ದೂ ಅದೇ ಊರಿಗೆ.

"ಮೊದ್ಲೇ ಹೇಳಬಾರ್ದೇನ್ರೀ ಮೇಡಮ್ಮೋರೆ! ಹೊರಗಿನೋರಿಗೆ ಹೇಳೋ ರೇಟು ಹೇಳಿಬಿಟ್ಟೆ. ನಮ್ಮೋರಿಗೆ ಬ್ಯಾರೆ ಐತೆ."

ಅದು ಹೋಲ್‌ಸೇಲಿಗಿಂತಲೂ ಕಡಿಮೆ. ಗಾಡಿ ಬಾಡಿಗೆಯೂ ಬೇಡವಂತೆ. ಆಮೇಲೆ ನನ್ನ ಕಡೆ ತಿರುಗಿದ. "ಈ ಮೇಡಮ್ಮೋರ ಮನೆದೇವ್ರು ಯಾವುದ್ರೀ?"

ಅದು ಭಕ್ತಿಯಿಂದ ಕೇಳುವ ಪ್ರಶ್ನೆಯಲ್ಲ. ಜಾತಿಯನ್ನು ನೇರವಾಗಿ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ನಮ್ಮ ಕಡೆ ದೇವರನ್ನು ಮುಂದೆ ಬಿಡುತ್ತಾರೆ. ನನ್ನ ಮನೆಯ ಗೋಡೆಯ ಮೇಲಿರುವುದು ಅಪ್ಪ ತಂದು ಹಾಕಿದ ಬುದ್ಧನ ಪಟ. ಊರಲ್ಲಿ ನಮ್ಮ ಕೇರಿ ಎಲ್ಲಿತ್ತು, ಅಪ್ಪ ಹಳೆಯ ದೇವರನ್ನು ಯಾಕೆ ಬಿಟ್ಟ ಎಂಬುದನ್ನೆಲ್ಲ ಅಕ್ಕನ ಮುಂದೆ ಹೇಳಿಕೊಂಡು ಅತ್ತಿದ್ದೇನೆ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಮ್ಮ ಮನೆದೇವ್ರೇ ರೀ ಅವ್ರದೂ" ಎಂದು ನನ್ನ ಮೊಣಕೈ ಒತ್ತಿದರು.

ಮೈ ಉರಿಯಿತು. "ಅಲ್ಲರೀ" ಎಂದೆ. "ನಮ್ಮ ಮನೇಲಿರೋದು ಬುದ್ಧನ ಪಟ."

ಮಾಲೀಕ ಸಿಟ್ಟಾಗಲಿಲ್ಲ. ತುಂಬ ಮರ್ಯಾದೆಯಿಂದಲೇ ಹೇಳಿದ: "ಹಂಗಾದ್ರೆ ನಿಮ್ದು ಬಿಲ್ ಬ್ಯಾರೆ ಮಾಡ್ತೀನಿ ಮೇಡಂ. ನಿಮ್ದೊಂದೇ ಐವತ್ತು ಆಗಲ್ಲ ನೋಡ್ರಿ."

ಅವನಂಥವರು ನನಗೆ ಹೊಸಬರಲ್ಲ. ನಾನು ಕಾದಿದ್ದು ಅಕ್ಕನ ಒಂದು ಮಾತಿಗೆ. ಇಬ್ಬರದೂ ಒಂದೇ ಆರ್ಡರು ಎಂದಿದ್ದರೆ ಸಾಕಿತ್ತು. ಮುಕ್ಕಾದ ಅಂಚಿಗಾಗಿ ಅಷ್ಟು ಹೊತ್ತು ಜಗಳವಾಡಿದ ಬಾಯಿ ಅದು. ಅಕ್ಕ ಆ ಕಡೆ ಹೋಗಿ ತಮ್ಮ ಕುಂಡಗಳನ್ನು ಬೇರೆ ಸಾಲಿಗೆ ಇಡಿಸತೊಡಗಿದರು.

ನಾನು ಒಂದನ್ನೂ ಕೊಳ್ಳಲಿಲ್ಲ. ಬಸ್ಸಿನಲ್ಲಿ ಅವರೇ ಮಾತು ತೆಗೆದರು. "ಯಾಕ್ರೀ ಹೇಳಾಕೆ ಹೋದ್ರಿ? ಎಲ್ಲಾ ಸರಿಹೋಗ್ತಿತ್ತು. ನಿಮ್ಮನ್ನ ನೋಡಿದ್ರೆ ಯಾರಿಗೂ ಗೊತ್ತೇ ಆಗಲ್ಲ."

ಹೊಗಳುತ್ತಿದ್ದೇನೆಂದೇ ತಿಳಿದು ಹೇಳಿದರು ಆ ಮಾತನ್ನು. ಪ್ರೀತಿಯೂ ಇತ್ತು ಅದರಲ್ಲಿ. ಇಷ್ಟು ವರ್ಷ ಅವರ ಅಡುಗೆಮನೆಯವರೆಗೂ ನಾನು ಹೋಗಿ ಬಂದಿದ್ದು, ನನ್ನನ್ನು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೋ ಏನೋ. ಬೇಕಿದ್ದರೆ ನಿಮ್ಮ ಕುಂಡಗಳನ್ನೂ ನನ್ನ ಹೆಸರಲ್ಲೇ ತರಿಸಿಕೊಡುತ್ತೇನೆ ಎಂದೂ ಅಕ್ಕ ಅಂದರು. ನ್ಯಾಮತಿ ಬಂತು, ಇಳಿದೆ.

ಅವತ್ತಿನಿಂದ ಅವರೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತು. ಮೊನ್ನೆ ಸ್ಟಾಫ್ ರೂಮಿನಲ್ಲಿ ಯಾರೋ, ನಿಮ್ಮಿಬ್ಬರಿಗೆ ಏನಾಯ್ತು ಎಂದು ಕೇಳಿದರು. ಅಕ್ಕ ನಕ್ಕು ಎಲ್ಲರೆದುರೇ ಹೇಳಿದರು: "ಏನಿಲ್ರೀ, ಕುಂಡದ ರೇಟು ಕಮ್ಮಿ ಆಗ್ಲಿಲ್ಲ ಅಂತ ಇವ್ರಿಗೆ ನನ್ ಮ್ಯಾಲೆ ಸಿಟ್ಟು."