ಮೂರನೇ ಕ್ಲಾಸಿನ ಶೂ

ಗೆಳೆಯರೇ, ಚಿಂತಾಮಣಿಯಲ್ಲಿ ನನ್ನ ಮಗಳು ಓದುವ ಶಾಲೆಯಲ್ಲಿ ಇವತ್ತು ಶೂ ಹಂಚಿದರು. ಕಾಲಿನ ಅಳತೆ ನೋಡಿ ಅಲ್ಲ, ಕ್ಲಾಸು ನೋಡಿ! ಮೂರನೇ ಕ್ಲಾಸಿನವರಿಗೆಲ್ಲ ಒಂದೇ ನಂಬರು. ನಮ್ಮ ಚೈತ್ರಾ ವಯಸ್ಸಿಗಿಂತ ಎತ್ತರದ ಹುಡುಗಿ. ಸಂಜೆ ಕುಂಟುತ್ತಾ ಮನೆಗೆ ಬಂದಳು. ಕಾಲುಚೀಲ ತೆಗೆದರೆ ಬೆರಳುಗಳು ಒಂದರ ಮೇಲೊಂದು ಏರಿ ಕೆಂಪಾಗಿದ್ದವು.

ತಕ್ಷಣ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋದೆ.

"ಹಾಕ್ಕೊಂಡು ಓಡಾಡ್ತಾ ಇದ್ರೆ ಸಡ್ಲ ಆಗುತ್ತೆ ಬಿಡಮ್ಮ," ಎಂದರು ಆಫೀಸಿನ ಮೇಡಂ.

"ಅಷ್ಟೊತ್ತಿಗೆ ಮಗುದು ಬೆರಳು ಸೊಟ್ಟಗಾಗಿರುತ್ತೆ. ದೊಡ್ಡ ನಂಬರ್ ಕೊಡಿ."

"ಅದು ಫೋರ್ತ್ ಸ್ಟ್ಯಾಂಡರ್ಡ್‌ದು. ಥರ್ಡ್‌ನೋರಿಗೆ ಹೆಂಗಮ್ಮ ಕೊಡಕ್ಕಾಗುತ್ತೆ?"

"ಕೊಡೋವರ್ಗೂ ನಾನು ಇಲ್ಲಿಂದ ಏಳಲ್ಲ," ಎಂದು ಅಲ್ಲೇ ಕುಳಿತೆ. ಆಫೀಸಿಗೆ ಬೀಗ ಹಾಕುವ ಹೊತ್ತಾದರೂ ಕದಲಲಿಲ್ಲ. ಕೊನೆಗೆ ಹೆಡ್‌ಮಾಸ್ಟರ್ ಬಂದು ಮಗುವಿನ ಕಾಲು ನೋಡಿ, ತಾವೇ ದೊಡ್ಡ ಜೋಡಿ ತರಿಸಿದರು. ತೊಡಿಸಿ, ನಿಲ್ಲಿಸಿ, ಶೂ ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗವಿದೆಯೇ ಎಂದು ಒತ್ತಿ ನೋಡಿದೆ. ಕಾರಿಡಾರಿನಲ್ಲಿ ಓಡಿಸಿದೆ. ಹಿಮ್ಮಡಿ ಜಾರಲಿಲ್ಲ. ಆಮೇಲೆಯೇ ಹೊರಟೆ.

ಮನೆಗೆ ಬಂದವಳೇ ಚೈತ್ರಾ ಒಳಗಿದ್ದ ಅವರಪ್ಪನಿಗೆ ಕೂಗಿ ಹೇಳಿದಳು: "ಅಪ್ಪಾ, ನನ್ ಕಾಲು ಫೋರ್ತ್‌ಗೆ ಪಾಸಾಯ್ತು!"

ಮಗ್ಗಿ ಇನ್ನೂ ಬಾಯಿಗೆ ಬಂದಿಲ್ಲವಾದ್ದರಿಂದ, ಮಿಕ್ಕ ಮೈ ಸದ್ಯಕ್ಕೆ ಮೂರರಲ್ಲೇ ಇದೆ.