ಪಿಯೆದಾದ್ ಮಾವಶಿಯೂ ನಡುದಾರಿಯಲ್ಲಿ ನಿಲ್ಲುವ ಗಾಡಿಯೂ

ಮಾಪುಸಾ ಪೇಟೆಯ ಮೀನುಕಟ್ಟೆಯ ಹಿಂಬದಿಯಲ್ಲಿ ತಗಡಿನ ಮಾಡಿನ ಒಂದು ಗ್ಯಾರೇಜಿದೆ. ಅದಕ್ಕೆ ನಾಮಫಲಕವಿಲ್ಲ. ಮೋಟಾರ್‌ಸೈಕಲ್ ಕೈಕೊಟ್ಟವರೆಲ್ಲ ಪಿಯೆದಾದ್ ಮಾವಶಿ, ಎಂದರೆ ಪಿಯೆದಾದ್ ಚಿಕ್ಕಮ್ಮ, ಎಲ್ಲಿ ಎಂದು ಕೇಳಿಕೊಂಡೇ ಅಲ್ಲಿಗೆ ಬರುತ್ತಾರೆ. ಅರವತ್ತೆರಡು ವರ್ಷದ ಆ ಹೆಂಗಸು ಹೂವಿನ ಗೌನಿನ ಮೇಲೆ ಗ್ರೀಸು ಮೆತ್ತಿದ ಖಾಕಿ ಅಂಗಿ ತೊಡುತ್ತಾಳೆ. ಅಂಗಿಯ ಒಂದು ಜೇಬಿನಲ್ಲಿ ಸ್ಪಾನರು, ಇನ್ನೊಂದರಲ್ಲಿ ಜಪಮಾಲೆ. ಎರಡಕ್ಕೂ ಆಕೆ ದಿನವೂ ಕೆಲಸ ಕೊಡುತ್ತಾಳೆ. ಒಂದು ಮಾಡಬೇಕಾದ ಕೆಲಸವನ್ನು ಇನ್ನೊಂದರ ತಲೆಗೆ ಕಟ್ಟಿದವಳಲ್ಲ.

ಹುಡುಗಿಯಾಗಿದ್ದಾಗ ಆಕೆ ಕಲಿತದ್ದು ಹೊಲಿಗೆ. ಗ್ಯಾರೇಜು ತಂದೆ ಆಗ್ನೆಲ್‌ನದು. ಆತನ ಕಣ್ಣಿಗೆ ಪೊರೆ ಬಂದು, ಶಸ್ತ್ರಕ್ರಿಯೆಯೂ ಕೈಹಿಡಿಯದೆ ಬೆಳಕು ಆರಿಹೋದಾಗ, ಮಗಳ ಕೈಗಳೇ ಆತನ ಕಣ್ಣಾದವು. ಮುದುಕ ಸ್ಟೂಲಿನ ಮೇಲೆ ಕುಳಿತು ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದ, ಮಗಳು ಬಿಚ್ಚುತ್ತಿದ್ದಳು. ನಿಂತುಹೋದ ಗಾಡಿ ಬಂದರೆ ಆತನದು ಒಂದೇ ಪಾಠ: ಮೊದಲು ಹೊಟ್ಟೆ ನೋಡು, ಆಮೇಲೆ ಕಿಡಿ, ಕಡೆಗೆ ಉಸಿರು. ಹೊಟ್ಟೆಯೆಂದರೆ ಟ್ಯಾಂಕಿನಲ್ಲಿ ಪೆಟ್ರೋಲು, ಕಿಡಿಯೆಂದರೆ ಪ್ಲಗ್ಗು, ಉಸಿರೆಂದರೆ ಗಾಳಿ ಒಳಸೇರುವ ಹಾದಿ. ಮದುವೆಯ ಮಾತು ಎರಡು ಸಲ ಮನೆಬಾಗಿಲಿಗೆ ಬಂದು, ಮದುಮಗಳ ಉಗುರಿನಲ್ಲಿ ಕಪ್ಪೆಣ್ಣೆ ಕಂಡು ಹಿಂದಿರುಗಿತು. ಅದಕ್ಕಾಗಿ ಆಕೆ ಕಣ್ಣೀರು ಹಾಕಿದ್ದನ್ನು ಕಂಡವರಿಲ್ಲ. ಬಡಗಿಯ ಮನೆಯಲ್ಲಿ ಬೆಳೆದು ಉಳಿ ಹಿಡಿದ ಕೈಯಿಂದಲೇ ಲೋಕವನ್ನು ಆಶೀರ್ವದಿಸಿದ ಪ್ರಭುವಿಗೆ ಮಸಿಯಾದ ಕೈಗಳ ಬೆಲೆ ಗೊತ್ತಿದೆ ಎಂಬುದು ಆಕೆಯ ನೆಮ್ಮದಿ.

ಮೇ ತಿಂಗಳ ಕಡೆಯ ಗುರುವಾರ ಬೆಳಿಗ್ಗೆ ಸಾಂತಾನ್ ತನ್ನ ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ. ಆ ತಿಂಗಳಲ್ಲಿ ಅದು ನಾಲ್ಕನೆಯ ಸಲ. ಸಾಂತಾನ್ ಪೈಲಟ್ಟು, ಎಂದರೆ ಹಳದಿ ಮಡ್‌ಗಾರ್ಡಿನ ಕರಿ ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿಕೊಂಡು ಊರೂರಿಗೆ ಮುಟ್ಟಿಸುವವನು. ಮಾರುಕಟ್ಟೆಯ ಶಿಲುಬೆಯ ಬಳಿಯ ಪೈಲಟ್ ಕಟ್ಟೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಅವನ ಚಕ್ರಕ್ಕೆ ಜಾಗವಿದೆ. ಕಟ್ಟೆಯ ಕಟ್ಟಳೆ ಸರಳ, ಆದರೆ ಕಠಿಣ: ಬಂದವರು ಸಾಲಾಗಿ ನಿಲ್ಲಬೇಕು, ಮುಂದಿನವನು ಮೊದಲು ಹೋಗಬೇಕು, ಕೂರಿಸಿಕೊಂಡವರನ್ನು ಮನೆಬಾಗಿಲು ಮುಟ್ಟಿಸಬೇಕು. ಮೂರು ಸಲ ಯಾರನ್ನಾದರೂ ನಡುದಾರಿಯಲ್ಲಿ ಇಳಿಸಿದವನ ಗಾಡಿಯನ್ನು ಹಿರಿಯರು ಸಾಲಿನಿಂದ ಹೊರಗಿಡುತ್ತಾರೆ. ಸಾಂತಾನನ ಮೂರೂ ಮುಗಿದಿದ್ದವು. ನಿಂತು ನಿಂತು ಓಡುವ ಗಾಡಿಯನ್ನು ನಂಬದೆ ಮೂರನೆಯ ಸಲ ಇಳಿದು ನಡೆದವಳು ಬುಟ್ಟಿ ತುಂಬ ಮಾವು ಹೊತ್ತ ಎಂಟು ತಿಂಗಳ ಬಸುರಿ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಕಟ್ಟೆಯ ಹಿರಿಯ ಪುಂಡಲೀಕ ಹರ್ಮಲಕರ್ ಎಲ್ಲರನ್ನೂ ಸೇರಿಸಿ ತೀರ್ಮಾನ ಹೇಳುವವನಿದ್ದ. ಸಾಂತಾನನಿಗೆ ಐವತ್ತನಾಲ್ಕು, ಆ ಪ್ರಾಯದಲ್ಲಿ ಒಂದು ಕಟ್ಟೆ ಬಿಟ್ಟವನನ್ನು ಬೇರೆ ಕಟ್ಟೆ ಸೇರಿಸಿಕೊಳ್ಳುವುದಿಲ್ಲ.

ಆ ಗಾಡಿಯಿಂದ ಮಾವಶಿಗೂ ಅವಮಾನವಾಗಿತ್ತು. ಪ್ಲಗ್ಗು ಬದಲಿಸಿದ್ದಳು. ಕಾರ್ಬೊರೇಟರ್ ಬಿಚ್ಚಿ, ಹೊಲಿಗೆಯ ಸಣ್ಣ ಸೂಜಿಯಿಂದ ಅದರ ರಂಧ್ರಗಳನ್ನು ಬಿಡಿಸಿದ್ದಳು. ಕಿಡಿ ಹುಟ್ಟಿಸುವ ಕಾಯಿಲ್ ಬಿಸಿಯಾದರೆ ಸೋಲುತ್ತಿರಬಹುದೆಂದು ಅದನ್ನೂ ಹೊಸದು ಹಾಕಿದ್ದಳು. ಪ್ರತಿ ಸಲವೂ ಗಾಡಿ ಆಕೆಯ ಅಂಗಳದಲ್ಲಿ ಹಸುವಿನ ಹಾಗೆ ಸಾಧುವಾಗಿ ಓಡಿ, ಮರುದಿನ ದಾರಿಯಲ್ಲಿ ಮೊಂಡು ಹಿಡಿದಿತ್ತು.

ಸಾಂತಾನ್ ಸ್ಟೂಲಿನ ಮೇಲೆ ಕುಸಿದು, ಇದು ಕಬ್ಬಿಣದ ಕಾಯಿಲೆಯಲ್ಲ, ಯಾರದೋ ಕೆಟ್ಟ ಕಣ್ಣು ತಗುಲಿದೆ ಎಂದ. ಮೆಣಸಿನಕಾಯಿ ನಿವಾಳಿಸಿ ಸುಟ್ಟದ್ದೂ ಆಗಿದೆ, ಘಾಟು ಬರಲಿಲ್ಲ ಎಂದ.

"ಮೆಣಸಿನಕಾಯಿ ಸಾರಿಗೆ ಹಾಕು, ಮೀನಿಗಾದ್ರೂ ರುಚಿ ಬರತ್ತೆ," ಎಂದಳು ಮಾವಶಿ. "ಗಾಡಿ ಸುಳ್ಳು ಹೇಳೋದಿಲ್ಲ ಸಾಂತಾನ್. ನನಗೆ ಹೇಳ್ತಾ ಇದೆ, ನಾನೇ ಕೇಳಿಸ್ಕೊಂಡಿಲ್ಲ. ಏಳು. ಇವತ್ತು ನಿನ್ನ ಹಿಂದೆ ನಾನೇ ಕೂತ್ಕೋತೀನಿ. ಅದು ಎಲ್ಲಿ ನಿಲ್ಲತ್ತೋ ಅಲ್ಲೇ ನೋಡ್ತೀನಿ."

ಆಕೆ ಅಂಗಡಿಗೆ ಬೀಗ ಹಾಕಿದಳು. ತಂದೆಯನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಕೆಲಸದ ದಿನ ಆ ಬಾಗಿಲಿಗೆ ಬೀಗ ಬಿದ್ದದ್ದು ಊರು ಕಂಡಿರಲಿಲ್ಲ. ಕಟ್ಟೆಯ ಮುಂದೆ ಹಾದುಹೋಗುವಾಗ ಪೈಲಟ್ಟುಗಳು ಸುಮ್ಮನಿರಲಿಲ್ಲ. ಮಾವಶಿಗೆ ಕೊನೆಗೂ ಗಂಡು ಸಿಕ್ಕಿತೇ ಎಂದು ಒಬ್ಬ ಕೇಳಿದ. ಗಂಡು ಸಿಕ್ಕಿದೆ, ಆದರೆ ಮದುವೆ ಮೆರವಣಿಗೆ ಅರ್ಧ ದಾರಿಗೇ ನಿಲ್ಲುತ್ತದೆ ಎಂದು ಇನ್ನೊಬ್ಬ ಸೇರಿಸಿದ. ಮಾವಶಿ ಸಾಂತಾನನ ಹೆಗಲ ಮೇಲೆ ಕೈ ಊರಿಕೊಂಡು ರಾಣಿಯ ಹಾಗೆ ಕುಳಿತಿದ್ದಳು.

ಪಂಪಿನಲ್ಲಿ ಟ್ಯಾಂಕು ಕಂಠಮಟ್ಟ ತುಂಬಿಸಬೇಕೆಂದಳು. ಸಾಂತಾನ್ ಹಿಂದೆಗೆದ, ತುಂಬಿಸಿದ ದಿನವೇ ಅದು ಹೆಚ್ಚು ನಿಲ್ಲುವುದು, ಹೊಟ್ಟೆ ತುಂಬಿದರೆ ಅದಕ್ಕೆ ನಿದ್ದೆ ಬರುತ್ತದೆ ಎಂದ. ಈ ಮಾತನ್ನು ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ, ನೀವು ಕೇಳಲಿಲ್ಲ ಎಂದುಬಿಟ್ಟ. ಮಾವಶಿ ಟ್ಯಾಂಕು ತುಂಬಿಸಿಯೇ ಹತ್ತಿದಳು. ತಪ್ಪು ತನ್ನದೆಂದು ಕಂಡಾಗ ಆಕೆ ಜಗಳವಾಡುವುದಿಲ್ಲ.

ಶಿವೋಲಿಯ ದಾರಿಯಲ್ಲಿ, ತೆಂಗಿನ ಸಾಲು ಮುಗಿದು ಒಣಗದ್ದೆಗಳು ಶುರುವಾಗುವಲ್ಲಿ, ಇಂಜಿನ್ನು ಎರಡು ಸಲ ಬಿಕ್ಕಿತು. ಬಳಿಕ ದೀಪ ಆರಿದ ಹಾಗೆ ಆರಿತು. ಮಾವಶಿ ಇಳಿದು ದೂರ ನಿಂತು, ನಾನಿಲ್ಲವೆಂದೇ ತಿಳಿದು ದಿನವೂ ಏನು ಮಾಡುತ್ತೀಯೋ ಅದನ್ನೇ ಮಾಡು ಎಂದಳು.

ಸಾಂತಾನ್ ಬೀಗದ ಕೈ ತಿರುಗಿಸಿ ಟ್ಯಾಂಕಿನ ಮುಚ್ಚಳ ತೆಗೆದ, ಒಳಗೆ ಇಣುಕಿದ, ಮುಚ್ಚಿದ. ಹಣೆ, ಎದೆ, ಭುಜಗಳ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣು ಮುಚ್ಚಿ ದೇವಮಾತೆಗೆ ಸಲ್ಲಿಸುವ ನಮೋ ಮರಿಯಾ ಜಪವನ್ನು ತುದಿಯವರೆಗೆ ಹೇಳಿದ. ಒದ್ದ. ಇಂಜಿನ್ನು ಹೊತ್ತಿಕೊಂಡಿತು. ಅವನ ಮುಖದಲ್ಲಿ ಮಗುವಿನ ಬೆಳಕಿತ್ತು. ಅಮ್ಮ ಒಂದು ಸಲವೂ ಕೈಬಿಟ್ಟಿಲ್ಲ ಮಾವಶಿ, ಎಂದ. ಈ ಹಾಳು ಗಾಡಿಯೇ ಮತ್ತೆ ಮತ್ತೆ ನಿಲ್ಲುವುದು.

ಮಾವಶಿಯ ಕೈ ತಾನಾಗಿಯೇ ಜೇಬಿನ ಜಪಮಾಲೆಗೆ ಹೋಯಿತು. ಇಣುಕಿ ನೋಡುವುದು, ಆಮೇಲೆ ಬೇರೆಲ್ಲ. ತಾನು ಮಾಡಿದ್ದೂ ಅದನ್ನೇ ಅಲ್ಲವೇ? ಗಾಡಿ ಅಂಗಳಕ್ಕೆ ಬಂದೊಡನೆ ಮೊದಲು ಹೊಟ್ಟೆ ನೋಡು ಎಂಬ ತಂದೆಯ ಮಾತಿನಂತೆ ಮುಚ್ಚಳ ತೆಗೆದು, ಪೆಟ್ರೋಲು ಇದೆಯೆಂದು ಮುಚ್ಚಿ, ನಂತರ ಬೇರೆ ಕಡೆ ಕಾಯಿಲೆ ಹುಡುಕಿದ್ದಳು. ಬಾಗಿಲು ತೆರೆದೊಡನೆ ಕಳ್ಳ ಓಡಿಹೋಗುತ್ತಿದ್ದ. ಆಕೆ ಖಾಲಿ ಮನೆಯಲ್ಲಿ ದೀಪ ಹಿಡಿದು ಹುಡುಕುತ್ತಿದ್ದಳು.

"ಇನ್ನೊಂದು ಸಲ ನಿಂತ್ರೆ ಮುಚ್ಚಳ ಮುಟ್ಟಬೇಡ," ಎಂದಳು.

ಸಾಂತಾನನ ಮುಖ ಬಿಗಿಯಿತು. "ನನ್ನ ಪ್ರಾರ್ಥನೇನ ಪರೀಕ್ಷೆ ಮಾಡ್ತೀರಾ ಮಾವಶಿ? ದೇವರನ್ನ ಹಾಗೆ ತೂಗಿ ನೋಡಬಾರದು. ಪಾಪ ಅದು."

ಈ ಮಾತು ಆಕೆಯನ್ನು ತಡೆದು ನಿಲ್ಲಿಸಿತು. ಪ್ರಿಯರೇ, ಭಕ್ತಿಯುಳ್ಳವನ ಕೈಯಿಂದ ಆಸರೆ ಕೀಳುವುದು ಸುಲಭ. ಅದಕ್ಕೆ ಜಾಣತನ ಸಾಕು. ಆಸರೆ ಕೀಳದೆ ಕಣ್ಣು ತೆರೆಸುವುದಕ್ಕೆ ಪ್ರೀತಿ ಬೇಕು. ಪಿಯೆದಾದ್ ದಾರಿಬದಿಯ ಕಲ್ಲಿನ ಮೇಲೆ ಒಂದು ಗಳಿಗೆ ಕುಳಿತು, ತುಟಿ ಅಲುಗಿಸದೆ ಬೇಡಿಕೊಂಡಳು. ಏನು ಬೇಡಿಕೊಂಡಳೆಂದು ಆಮೇಲೆಯೂ ಆಕೆ ಯಾರಿಗೂ ಹೇಳಲಿಲ್ಲ.

"ದೇವರನ್ನಲ್ಲ, ಮುಚ್ಚಳಾನ ಪರೀಕ್ಷೆ ಮಾಡ್ತೀನಿ," ಎಂದಳು ಎದ್ದು. "ಅಮ್ಮನ ಹತ್ರ ಗಾಡಿ ಓಡಿಸು ಅಂತ ಕೇಳಬೇಡ. ಈ ಪಿಯೆದಾದ್‌ಗೆ ಬುದ್ಧಿ ಕೊಡು ಅಂತ ಕೇಳು. ಆ ಪ್ರಾರ್ಥನೆ ಇಬ್ರೂ ಸೇರಿ ಮಾಡೋಣ."

ಇದಕ್ಕೆ ಸಾಂತಾನ್ ಒಪ್ಪಿದ. ಇನ್ನೊಂದು ಆರು ಕಿಲೋಮೀಟರು ಕಳೆದಿರಬಹುದು, ಗಾಡಿ ಮತ್ತೆ ಬಿಕ್ಕಿ ನಿಂತಿತು. ಇಬ್ಬರೂ ಬಿಸಿಲಲ್ಲೇ ನಿಂತು ಪ್ರಾರ್ಥಿಸಿದರು. ಸಾಂತಾನ್ ಒದ್ದ. ಹತ್ತು ಸಲ, ಹದಿನೈದು ಸಲ ಒದ್ದ. ಇಂಜಿನ್ನು ಕೆಮ್ಮಲೂ ಇಲ್ಲ. ಮಾವಶಿ ಬಗ್ಗಿ, ಮುಚ್ಚಳಕ್ಕೆ ಕಿವಿ ಹಚ್ಚಿ, ನಿಧಾನವಾಗಿ ಬೀಗದ ಕೈ ತಿರುಗಿಸಿದಳು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವನು ಮೇಲೆ ಬಂದು ಗಾಳಿ ಎಳೆದುಕೊಂಡ ಹಾಗೆ ಸುಯ್ ಎಂದು ಒಂದು ಸದ್ದು.

"ಈಗ ಒದಿ."

ಒಂದೇ ಒದೆತಕ್ಕೆ ಹೊತ್ತಿಕೊಂಡಿತು.

ತೆಂಗಿನೆಣ್ಣೆಯ ಡಬ್ಬಕ್ಕೆ ನಿನ್ನ ಹೆಂಡತಿ ಎಷ್ಟು ತೂತು ಹೊಡೆಯುತ್ತಾಳೆ ಎಂದು ಮಾವಶಿ ಕೇಳಿದಳು. ಎರಡು ಎಂದ ಸಾಂತಾನ್. ಒಂದೇ ಆದರೆ ಎಣ್ಣೆ ಸುರಿಯುವುದಿಲ್ಲ, ಎರಡನೆಯದು ಗಾಳಿಗೆ. ಟ್ಯಾಂಕಿಗೂ ಅಷ್ಟೇ ಎಂದಳು ಆಕೆ. ಪೆಟ್ರೋಲು ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಮೇಲಿಂದ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಾಸಿವೆ ಗಾತ್ರದ ತೂತಿದೆ. ಟ್ಯಾಂಕು ತುಂಬಿದ್ದಾಗ ಒಳಗೆ ಗಾಳಿ ಕಡಿಮೆ, ಹಾಗಾಗಿ ಬೇಗ ಉಸಿರುಗಟ್ಟುತ್ತದೆ. ಹೀಗೆ ಹೇಳುತ್ತ ಆಕೆ ಮುಚ್ಚಳವನ್ನು ಬಿಸಿಲಿಗೆ ಹಿಡಿದು ಹೊರಳಿಸಿದಳು. ಬೀಗದ ಪಕ್ಕದ ತೂತು ಕಾಣಲಿಲ್ಲ. ಅಲ್ಲಿ ಧೂಳು ಕುಡಿದು ಬೂದಿಯ ಬಣ್ಣಕ್ಕೆ ತಿರುಗಿದ ಮೇಣ ಕೂತಿತ್ತು.

ಸಾಂತಾನ್ ಅದನ್ನು ನೋಡಿದ. ಬೆವರು ಒರೆಸಿಕೊಳ್ಳುವ ನೆವದಲ್ಲಿ ಮುಖ ಮುಚ್ಚಿಕೊಂಡ.

ಶಿಲುಬೆಯ ಹಬ್ಬವಾದ ಮೇ ಮೂರರಂದು ಪೈಲಟ್ಟುಗಳೆಲ್ಲ, ಹಿಂದೂ ಕ್ರೈಸ್ತರೆನ್ನದೆ, ಕಟ್ಟೆಯ ಶಿಲುಬೆಗೆ ಹೂ ಸುತ್ತಿ ಸ್ತುತಿಮಾಲೆ ಹಾಡಿಸುತ್ತಾರೆ, ಬೇಯಿಸಿದ ಕಡಲೆ ಹಂಚುತ್ತಾರೆ, ಶಿಲುಬೆಯ ಬುಡದ ಮೇಣದ ಬತ್ತಿಯಿಂದ ತಂತಮ್ಮ ಟ್ಯಾಂಕಿನ ಮೇಲೆ ಶಿಲುಬೆಯಾಕಾರದಲ್ಲಿ ಮೇಣ ಹನಿಸುತ್ತಾರೆ. ಈ ಸಲ ಉಳಿದವರು ಟ್ಯಾಂಕಿನ ಬೆನ್ನ ಮೇಲೆ ಹನಿಸಿದ್ದರು. ಗಾಡಿ ಉಣ್ಣುವ ಬಾಯಿಗೇ ಆಶೀರ್ವಾದ ಸಿಗಲಿ ಎಂದು ಸಾಂತಾನ್ ಮಾತ್ರ ಎಲ್ಲರಿಗಿಂತ ದಪ್ಪವಾಗಿ ಮುಚ್ಚಳದ ಮೇಲೆ ಹನಿಸಿದ್ದ. ಮೇ ತಿಂಗಳ ಬಿಸಿಲು ಮೇಣವನ್ನು ಕರಗಿಸಿ ತೂತಿನೊಳಗೆ ಇಳಿಸಿತ್ತು.

"ಮಂತ್ರಿಸಿದ ಮೇಣ ಮಾವಶಿ," ಎಂದ ಅವನು ಮೆಲ್ಲಗೆ. "ಅದೇ ನನ್ನ ಅನ್ನ ಕಿತ್ಕೊಳ್ತಾ?"

"ಮೇಣದ ತಪ್ಪೇನೂ ಇಲ್ಲ. ಅದನ್ನ ಉಸಿರಿನ ತೂತಿನ ಮೇಲೆ ಇಟ್ಟೋನು ನೀನು. ಮೂರು ಸಲ ಕಣ್ಣೆದುರಿದ್ರೂ ಕಾಣದೇ ಇದ್ದೋಳು ನಾನು. ಪ್ರೀತಿಯಿಂದ ಮಗೂನ ಮೂಗು ಮುಚ್ಚೋ ಹಾಗೆ ಅಪ್ಪಿಕೊಂಡ್ರೆ ಪ್ರೀತಿ ಕೆಟ್ಟದ್ದಾಗತ್ತಾ? ತೋಳು ಸ್ವಲ್ಪ ಸಡಿಲ ಮಾಡಿದ್ರೆ ಸಾಕು."

ಅಂಗಿಯ ಮಡಿಕೆಯಲ್ಲಿ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಆಕೆ ಮೇಣವನ್ನು ಚೂರುಚೂರಾಗಿ ಎಬ್ಬಿಸಿದಳು. ಒಂದು ಚೂರನ್ನೂ ಊದಿ ಹಾರಿಸದೆ, ನೆಲಕ್ಕೆ ಕೆಡವದೆ, ಕರವಸ್ತ್ರದಲ್ಲಿ ಕೂಡಿಸಿ ಸಾಂತಾನನ ಕೈಗಿಟ್ಟಳು. ಹಿಂದಿರುಗುವ ದಾರಿಯಲ್ಲಿ ಗಾಡಿ ಬಿಕ್ಕಲಿಲ್ಲ. ಆದರೂ ಆಕೆ ನಂಬಲಿಲ್ಲ. ಮತ್ತೆ ಕಂಠಮಟ್ಟ ತುಂಬಿಸಿ, ಹಣಜೂಣದವರೆಗೆ ಹೋಗಿ ಬರುವ ತನಕ ಇಳಿಯಲಿಲ್ಲ.

ಭಾನುವಾರ ಕಟ್ಟೆಯಲ್ಲಿ ಸಾಂತಾನನೂ ಸೇರಿ ಎಂಟು ಮಂದಿ ಪೈಲಟ್ಟುಗಳಿದ್ದರು. ಸಾಂತಾನ್ ತನ್ನ ಗಾಡಿಯನ್ನು ಸಾಲಿನಿಂದ ಮಾರು ದೂರ ನಿಲ್ಲಿಸಿದ್ದ. ಮೇಣದ ಸಂಗತಿ ಹೇಳಲು ಅವನಿಗೆ ನಾಚಿಕೆ. ಕಾರ್ಬೊರೇಟರ್ ಕೆಟ್ಟಿತ್ತು, ಈಗ ಸರಿಯಾಗಿದೆ ಎಂದು ತೇಲಿಸಿ ಹೇಳಿದ. ಪುಂಡಲೀಕ ಮೀಸೆ ತಿರುವುತ್ತ, ಹೋದ ಮೂರು ಸಲವೂ ಹೀಗೆಯೇ ಸರಿಯಾಗಿತ್ತಲ್ಲ ಎಂದ. ಬಸುರಿ ಹೆಂಗಸು ಬಿಸಿಲಲ್ಲಿ ನಡೆದದ್ದು ಎಲ್ಲರಿಗೂ ನೆನಪಿತ್ತು.

ಆಗ ಪೂಜೆಯ ಬಟ್ಟೆಯಲ್ಲೇ ಬಂದಿದ್ದ ಪಿಯೆದಾದ್ ಮಾವಶಿ ಮುಂದೆ ಬಂದಳು.

"ಸರಿಯಾಗಿರಲಿಲ್ಲ ಪುಂಡಲೀಕ. ಮೂರು ಸಲಾನೂ ತಪ್ಪಿದ್ದು ನಾನು. ಸಾಲಿನಿಂದ ಹೊರಗೆ ಹಾಕೋದಿದ್ರೆ ಮೊದಲು ನನ್ನ ಹಾಕು. ನಿಮ್ಮ ಗಾಡಿಗಳನ್ನ ರಿಪೇರಿಗೆ ಬೇರೆ ಕಡೆ ತಗೊಂಡು ಹೋಗಿ."

ನಲವತ್ತು ವರ್ಷದಲ್ಲಿ ಆಕೆ ತಪ್ಪಿದೆ ಎಂದದ್ದನ್ನು ಆ ಗಂಡಸರು ಕೇಳಿದ್ದು ಅದೇ ಮೊದಲು. ಹೀಗೆ ಹೇಳಿದ ಆಕೆಯ ಬೆನ್ನು ಎಂದಿನಷ್ಟೇ ನೆಟ್ಟಗಿತ್ತು. ಅದನ್ನು ಕಂಡು ಸಾಂತಾನನ ನಾಚಿಕೆಯೂ ಕರಗಿತು. ಮುಚ್ಚಳ, ಮೇಣ, ದಾರಿಬದಿಯ ಜಪ, ಒಂದನ್ನೂ ಬಚ್ಚಿಡದೆ ತಾನೇ ಹೇಳಿದ. ಮೊದಲು ಒಬ್ಬ ನಕ್ಕ, ಬಳಿಕ ಎಲ್ಲರೂ ನಕ್ಕರು. ದೇವರ ಮೇಣದಿಂದಲೇ ಗಾಡಿಗೆ ಬೂಚು ಹಾಕಿದೆಯಲ್ಲೋ ಎಂದು ಒಬ್ಬ ಅವನ ಬೆನ್ನು ತಟ್ಟಿದ. ನಗುತ್ತ ನಗುತ್ತಲೇ ಅವರು ಒಬ್ಬೊಬ್ಬರಾಗಿ ತಂತಮ್ಮ ಗಾಡಿಯ ಕಡೆ ಸರಿದು, ಬಗ್ಗಿ ಮುಚ್ಚಳ ನೋಡಿಕೊಂಡರು. ಪುಂಡಲೀಕ ಎಲ್ಲರಿಗಿಂತ ಹೆಚ್ಚು ಹೊತ್ತು ಬಗ್ಗಿ ನೋಡಿದ. ಅವನ ಮುಚ್ಚಳದ ಅಂಚಿನಲ್ಲೂ ಸಿಡಿದು ಬಿದ್ದ ಒಂದು ಹನಿ ಮೇಣ ಇತ್ತು, ತೂತಿಗೆ ಎರಡು ಬೆರಳು ದೂರದಲ್ಲಿ.

ಆ ಹೊತ್ತಿಗೆ ಒಣಮೀನಿನ ಬುಟ್ಟಿ ಹಿಡಿದ ಮುದುಕಿಯೊಬ್ಬಳು ಬಂದು ಆಸಗಾಂವಕ್ಕೆ ಹೋಗಬೇಕೆಂದಳು. ಸಾಲಿನ ಮೊದಲಿನ ಗಾಡಿ ಪುಂಡಲೀಕನದು. ಅವನು ಸೀಟಿನ ಮೇಲಿದ್ದ ಕೈ ತೆಗೆದು, ಸಾಂತಾನನ ಕಡೆ ಗದ್ದ ಎತ್ತಿದ.

"ಟ್ಯಾಂಕು ತುಂಬಿದೆಯಾ?"

"ಕಂಠಮಟ್ಟ."

"ಹಾಗಾದ್ರೆ ಅಜ್ಜಿನ ಮನೆ ಬಾಗಿಲಿಗೇ ಇಳಿಸಿ ಬಾ. ಇಲ್ಲೇ ಕೂತಿರ್ತೀವಿ."

ಯಾರೂ ಮನೆಗೆ ಹೋಗಲಿಲ್ಲ. ಮಾವಶಿ ಶಿಲುಬೆಯ ಮೆಟ್ಟಿಲ ಮೇಲೆ ಕುಳಿತು ಆಸಗಾಂವದ ಏರಿನ ಕಡೆ ಕಿವಿಗೊಟ್ಟಿದ್ದಳು. ಉಳಿದವರಿಗೆ ರಸ್ತೆಯ ಗದ್ದಲವಷ್ಟೇ ಕೇಳುತ್ತಿದ್ದಾಗ ಆಕೆ, ಬಂದ ಎಂದಳು. ಸ್ವಲ್ಪ ಹೊತ್ತಿಗೆ ಹಳದಿ ಮಡ್‌ಗಾರ್ಡು ತಿರುವಿನಲ್ಲಿ ಕಾಣಿಸಿತು. ಸಾಂತಾನ್ ಯಾರನ್ನೂ ಕೇಳದೆ, ಸಾಲಿನ ತುದಿಯಲ್ಲಿ ಎಂಟನೆಯವನಾಗಿ, ಮುಂದಿನ ಗಾಡಿಗೆ ಒಂದು ಗೇಣು ಬಿಟ್ಟು ತನ್ನ ಚಕ್ರ ನಿಲ್ಲಿಸಿದ. ಪುಂಡಲೀಕ ಎದ್ದು ಪಂಚೆ ಕೊಡವಿಕೊಂಡು, ಊಟದ ಹೊತ್ತಾಯಿತು ಎಂದ.