ಅಜ್ಜಿಯ ಕಿವಿಯಲ್ಲಿ ಒಂದು ಸಿನೆಮಾ

ಹುರಿದ ಶೇಂಗಾದ ಸಿಪ್ಪೆಯ ವಾಸನೆ ಮತ್ತು ಮಳೆಯಲ್ಲಿ ನೆನೆದ ಸೀರೆಯ ವಾಸನೆ ಒಟ್ಟಿಗೆ ಬಂದರೆ, ನಡುಮಧ್ಯಾಹ್ನದಲ್ಲೂ ಯಾರೋ ದೀಪ ಆರಿಸಿದ ಹಾಗೆ ನನಗೆ ಅನಿಸುತ್ತದೆ. ಹೋದ ವಾರ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಹಾಗೇ ಆಯಿತು. ಸಾವನ್ನು ನಗೆಗೀಡು ಮಾಡುವ ಸಿನೆಮಾ ಮಕ್ಕಳಿಗೆ ತಕ್ಕುದೇ ಎಂಬುದು ಅಂದಿನ ವಿಷಯ. ತಕ್ಕುದಲ್ಲ ಎಂದು ವಾದಿಸುವ ಪಾಳಿ ನನ್ನದು. ಯಾವ ಪಕ್ಷ ಕೊಟ್ಟರೂ ವಾದಿಸಬಲ್ಲೆ ಎಂಬ ಹಮ್ಮು ನನಗೆ ಇದ್ದೇ ಇದೆ. ಮೊದಲು 'ತಕ್ಕುದು' ಎಂಬ ಮಾತನ್ನೇ ಹಿಡಿದು ಜಗ್ಗಾಡಿದೆ. ಯಾರಿಗೆ ತಕ್ಕುದು, ಅಳೆಯುವವರು ಯಾರು, ಅವರಿಗೆ ಆ ಅಳತೆಗೋಲು ಕೊಟ್ಟವರು ಯಾರು? ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರದೋ ತಾಯಿ, ಹೊರಗಿನ ಮಳೆಯಿಂದ ಬಂದು ಕುಳಿತವರು, ಪುಡಿಕೆ ಬಿಚ್ಚಿ ಶೇಂಗಾ ಸುಲಿಯತೊಡಗಿದರು. ನನ್ನ ಮಾತು ಅಲ್ಲೇ ನಿಂತಿತು. ಗಂಟೆ ಬಾರಿಸುವ ತನಕ ಸುಮ್ಮನೆ ನಿಂತಿದ್ದು ಕುಳಿತುಬಿಟ್ಟೆ. ನನ್ನನ್ನು ಬಲ್ಲವರು ದಂಗಾದರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಬಾಲ್ಯದ ಮನೆಯೊಂದನ್ನು ಕಳೆದುಕೊಂಡವರು ನೀವೂ ಆಗಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮದು ಧಾರವಾಡದ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಮನೆ. ಪೇಠೆಯ ಒಂದು ಹಳೆಯ ವಾಡೆಯಲ್ಲಿ, ನಡುವಿನ ಅಂಗಳದ ಸುತ್ತ ಇದ್ದ ಬಿಡಾರಗಳಲ್ಲಿ ನಮಗೆ ಮೂರು ಕೋಣೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ಮರಾಠಿ. ಅಜ್ಜ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆದರೆ ಮನೆಯಲ್ಲಿ ತೀರ್ಪು ಕೊಡುವ ಅಧಿಕಾರ ಇದ್ದದ್ದು ಅಜ್ಜಿಗೆ. ಸಿನೆಮಾದ ವಿಷಯದಲ್ಲಂತೂ ಅವಳದು ಇಡೀ ವಾಡೆಗೇ ಕೊನೆಯ ಮಾತು. ಊರಿಗೆ ಹೊಸ ಬೋಲಪಟ, ಅಂದರೆ ಮಾತಾಡುವ ಸಿನೆಮಾ, ಬಂದರೆ ಅಜ್ಜಿ ಮೊದಲು ಹೋಗಿ ನೋಡಬೇಕು, ನೋಡಿ ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತು ಹೂಂ ಅನ್ನಬೇಕು. ಆಮೇಲೆ ಮಕ್ಕಳು. ಇದರಲ್ಲಿ ಒಂದು ತಮಾಷೆ ಇತ್ತು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪರದೆಯ ಮೇಲೆ ಅವಳಿಗೆ ಕಾಣುತ್ತಿದ್ದದ್ದು ಬೆಳಕು ಅಲ್ಲಾಡುವುದಷ್ಟೇ. ಹೆಂಗಸರ ವಿಭಾಗದಲ್ಲಿ ಅವಳ ಪಕ್ಕ ಅವ್ವ ಕುಳಿತು, ಮಾತಿಲ್ಲದೆ ನಡೆಯುವುದನ್ನೆಲ್ಲ ಕಿವಿಯಲ್ಲಿ ಪಿಸುಗುಟ್ಟಬೇಕು. ರಾಜ ಎದ್ದ, ರಾಣಿ ಕಣ್ಣು ಒರೆಸಿಕೊಂಡಳು, ಹಿಂದೆ ಕಳ್ಳ ನಿಂತಿದ್ದಾನೆ. ಅವ್ವ ಒಂದು ಕ್ಷಣ ತಡೆದರೆ ಅಜ್ಜಿ ಮೊಣಕೈಯಿಂದ ತಿವಿದು, "ಮುಂದ?" ಅನ್ನುವಳು. ಹಿಂದಿನ ಸಾಲಿನಿಂದ ಯಾರಾದರೂ "ಬಾಯಿ, ಹಳೂ ಬೋಲಾ", ಅಮ್ಮಾ ಮೆಲ್ಲಗೆ ಮಾತಾಡಿ, ಎಂದು ಸಿಡುಕಿದರೆ, ಕಣ್ಣಿದ್ದವರಿಗೆ ಕಿವಿ ಯಾಕೆ ಬೇಕು ಎಂದು ಅಜ್ಜಿ ಮರಾಠಿಯಲ್ಲೇ ತಿರುಗಿ ಕೇಳುವಳು.

ನಾನಿನ್ನೂ ಶಾಲೆಯಲ್ಲಿದ್ದ ಒಂದು ವರ್ಷ, ಬೇಸಿಗೆಯಲ್ಲಿ, ನನ್ನ ತಮ್ಮ ರಘು ಜ್ವರ ಬಂದು ಹೋದ. ಇನ್ನೂ ಪುಟ್ಟವನು, ಚಟ್ಟ ಕಟ್ಟುವ ವಯಸ್ಸೂ ಅಲ್ಲ. ಅಪ್ಪ ಅವನನ್ನು ಎರಡು ಕೈಯಲ್ಲಿ ಎತ್ತಿಕೊಂಡು, ನಿದ್ದೆ ಹೋದ ಮಗುವನ್ನು ಜಾತ್ರೆಯಿಂದ ಕರೆತರುವವನ ಹಾಗೆ ಎದೆಗವಚಿಕೊಂಡು, ವಾಡೆಯ ಬಾಗಿಲು ದಾಟಿ ಹೋದ. ಅವ್ವ ಅಂದು ಅಳಲಿಲ್ಲ. ಆಮೇಲೆ ಮಾತಾಡುವುದನ್ನೂ ಬಿಟ್ಟಳು. ಕೇಳಿದರೆ ಹೂಂ, ಉಹೂಂ, ಅಷ್ಟೇ. ಒಲೆ ಉರಿಯುತ್ತಿತ್ತು, ಭಕ್ಕರಿ ಬೇಯುತ್ತಿತ್ತು, ಅವ್ವ ಮಾತ್ರ ಅಲ್ಲಿ ಇರಲಿಲ್ಲ. ರಘುವಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹಿಂಗ ಆದ್ರ ಈಕೀನೂ ನಮ್ಮ ಕೈಗೆ ಉಳಿಯೂದಿಲ್ಲ ಎಂದು ಅಜ್ಜಿ ಅಜ್ಜನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಂದಿನಿಂದ ಶಾಲೆಯಿಂದ ಬಂದವಳೇ ನಾನು ಮೊದಲು ಅಡುಗೆಮನೆಗೆ ಇಣುಕಿ, ಅವ್ವನ ಬೆನ್ನು ಕಂಡ ಮೇಲೇ ಪಾಟಿ ಕೆಳಗಿಡುತ್ತಿದ್ದೆ.

ಶ್ರಾವಣದ ಮಳೆ ಹಿಡಿದ ಹೊತ್ತಿಗೆ ಆ ಸಿನೆಮಾ ಬಂತು. ಒಬ್ಬ ಜಿಪುಣ ಸತ್ತಂತೆ ನಟಿಸುತ್ತಾನೆ, ಬಂಧುಗಳಲ್ಲಿ ಯಾರು ಅಳುತ್ತಾರೆ ನೋಡೋಣ ಅಂತ. ಹೆಣ ಇಟ್ಟುಕೊಂಡು ನಗಿಸುತ್ತಾರಂತೆ ಎಂದು ವಾಡೆಯ ತುಂಬ ಸುದ್ದಿ. ಎದುರು ಬಿಡಾರದ ಕಾಕೂ ಕೆನ್ನೆ ಬಡಿದುಕೊಂಡು ಶಿವ ಶಿವ ಅಂದರು. ನಾವು ಮಕ್ಕಳಂತೂ ಹುಚ್ಚಾದೆವು. ಆದರೆ ಅಜ್ಜಿ ನೋಡದೆ ತೀರ್ಪಿಲ್ಲ, ಅವ್ವ ಬಾಯಿ ಬಿಡದೆ ಅಜ್ಜಿಗೆ ನೋಟವಿಲ್ಲ. ನನ್ನ ಮೊದಲ ವಾದ ಮಂಡನೆಯಾದದ್ದು ಆಗಲೇ.

"ಅಜ್ಜಿ, ಹುಡುಗರಿಗೆ ಚಲೋನೋ ಕೆಟ್ಟೋ ಅಂತ ನೀ ಹೇಳ್ತಿ. ನಿನಗ ಕಾಣ್ಸೂದಿಲ್ಲ. ಅವ್ವ ಮಾತಾಡೂದಿಲ್ಲ. ಮತ್ತ ಹುಡುಗರ ಕಣ್ಣಿಲೆ ನೋಡೂದ ಖರೇ ಪರೀಕ್ಷಾ ಹೌದಲ್ಲೋ? ನಾ ಬರ್ತೀನಿ. ನಾ ಹೇಳ್ತೀನಿ."

"ನಿನ್ನ ಬಾಯಿ ಸಾಲದಂತ ಈಗ ಕಣ್ಣೂ ತಂದೀ ಏನ ವಕೀಲಿ?" ಎಂದು ಅಜ್ಜಿ ನಕ್ಕಳು. ಆಮೇಲೆ ಅಡುಗೆಮನೆಯ ಕಡೆ ಮುಖ ತಿರುಗಿಸಿ, ಅಲ್ಲಿಗೆ ಕೇಳುವ ಹಾಗೆ, "ಬರ್ತಾಳ ಸರೂ. ಆದ್ರ ಪದ್ಧತಿ ಅಂದ್ರ ಪದ್ಧತಿ. ನನ್ನ ಎಡಕ್ಕ ಆಕೀ ಅವ್ವ ಕೂಡಬೇಕು. ಮಾತಾಡಲಿ ಬಿಡಲಿ, ಕೂಡಬೇಕು," ಅಂದಳು. ಮಗ ತೀರಿದ ವರ್ಷದಲ್ಲೇ ಸೊಸೆಯನ್ನು ಸಿನೆಮಾಕ್ಕೆ ಕರೆದೊಯ್ಯುವುದೇ ಎಂದು ಅಜ್ಜ ಕೆಮ್ಮಿದರು. ಅಜ್ಜಿ ಆ ಕೆಮ್ಮನ್ನು ಕೇಳಿಸಿಕೊಳ್ಳಲಿಲ್ಲ.

ಹೆಂಗಸರ ವಿಭಾಗದಲ್ಲಿ ಕಾಲಡಿ ಶೇಂಗಾ ಸಿಪ್ಪೆ ಕರಕರ ಅನ್ನುತ್ತಿತ್ತು. ಸುತ್ತಲೂ ಒದ್ದೆ ಸೀರೆ, ಅಬ್ಬಲಿಗೆ ಹೂ, ಯಾರದೋ ಕೂಸಿನ ಹಾಲು ವಾಸನೆ. ನಡುವೆ ಅಜ್ಜಿ, ಬಲಕ್ಕೆ ನಾನು, ಎಡಕ್ಕೆ ಅವ್ವ ಗೊಂಬೆಯ ಹಾಗೆ. ನಾನು ಉತ್ಸಾಹದಿಂದ ವರದಿ ಒಪ್ಪಿಸುತ್ತ ಹೋದೆ. ಜಿಪುಣ ಮಲಗಿದ, ಮೂಗಿನಲ್ಲಿ ಹತ್ತಿ ಇಟ್ಟರು, ಅಳಿಯಂದಿರು ಬಂದರು. ಅಷ್ಟರಲ್ಲಿ ಪರದೆಯ ತುಂಬ ಚಟ್ಟ ಬಂತು. ಬಿದಿರು, ಹುಲ್ಲು, ಬಿಳಿ ಅರಿವೆ. ನಾಲ್ವರು ಹೊತ್ತು ಹೊರಟರು. ಬಾಗಿಲಲ್ಲಿ ಅದು ಅಡ್ಡಲಾಗಿ ಸಿಕ್ಕಿಕೊಂಡಿತು. ಜಗ್ಗಿದರು, ನೂಕಿದರು, ಒಬ್ಬರನ್ನೊಬ್ಬರು ಬೈದರು. ಇಡೀ ಟಾಕೀಜು ಗೊಳ್ಳೆಂದಿತು. ನನಗೆ ಕಂಡದ್ದು ಆ ಬಾಗಿಲಲ್ಲ, ನಮ್ಮ ವಾಡೆಯ ಬಾಗಿಲು, ಅಪ್ಪನ ಬೆನ್ನು, ಅವನ ತೋಳಿನಾಚೆ ಜೋತಿದ್ದ ಪುಟ್ಟ ಅಂಗಾಲು. ಇಷ್ಟು ಜನ ನಗುತ್ತಿದ್ದಾರೆಯೇ? ಇದಕ್ಕೆ?

"ಏನಾತು ಸರೂ? ಎಲ್ಲಾರೂ ಯಾಕ ನಗಲಿಕ್ಕತ್ತಾರ? ಮುಂದ?" ಎಂದು ಅಜ್ಜಿ ತಿವಿದಳು. ನನ್ನ ನಾಲಿಗೆ ಹೊರಳಲಿಲ್ಲ. "ಮುಂದ?" ಅಜ್ಜಿ ಮತ್ತೆ ಕೇಳಿದಳು. ಆಗ ಎಡಗಡೆಯಿಂದ, ತಿಂಗಳುಗಟ್ಟಲೆ ಬಳಸದೆ ತುಕ್ಕು ಹಿಡಿದ ಒಂದು ದನಿ ಕೇಳಿಸಿತು.

"ಬಾಗಲದಾಗ ಸಿಕ್ಕೊಂಡದರೀ ಅತ್ತ್ಯಾರ. ನಾಕೂ ಮಂದಿ ನಾಕ ದಿಕ್ಕಿಗೆ ಜಗ್ಗಲಿಕ್ಕತ್ತಾರ... ಹೆಣಾ ಕೈ ಎತ್ತೇದರೀ! ಹಿಂಗಲ್ಲ, ವಾರಿ ಮಾಡ್ರಿ, ಓರೆ ಹಿಡೀರಿ ಅಂತ ಕೈಯಿಲೆ ತೋರ್ಸಲಿಕ್ಕತ್ತದ..."

ಮುಂದಿನ ಮಾತು ಬರಲಿಲ್ಲ. ಅವ್ವ ನಗುತ್ತಿದ್ದಳು. ಸೆರಗು ಬಾಯಿಗೆ ತುರುಕಿಕೊಂಡು, ಅಜ್ಜಿಯ ಭುಜಕ್ಕೆ ಹಣೆ ಇಟ್ಟು, ಮೈ ಕುಲುಕಿಸಿ ನಗುತ್ತಿದ್ದಳು. ಆ ಬೆಳಕಿನಲ್ಲಿ ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಅಜ್ಜಿ ಸೊಸೆಯ ತಲೆಯ ಮೇಲೆ ಕೈ ಇಟ್ಟುಕೊಂಡು ಪರದೆಯ ಕಡೆಗೇ ನೋಡುತ್ತಿದ್ದಳು. ನನಗಾದ ಆಘಾತವನ್ನು ಏನೆಂದು ಹೇಳಲಿ? ಅವ್ವ ನಗಲಿ ಎಂದು ದಿನವೂ ದೇವರಿಗೆ ಕೈ ಮುಗಿಯುತ್ತಿದ್ದವಳು ನಾನೇ. ಆದರೆ ಇದಕ್ಕೆ ನಗಲಿ ಎಂದು ನಾನು ಬೇಡಿರಲಿಲ್ಲ.

ಟಾಂಗಾದಲ್ಲಿ ಬರುವಾಗ ಮಳೆ ಹನಿಯುತ್ತಿತ್ತು. ಅವ್ವ ಕುದುರೆಯ ಕಿವಿಗಳನ್ನೇ ನೋಡುತ್ತ, "ರಘು ಇದ್ದಿದ್ರ ಭಾಳ ನಗ್ತಿದ್ದ," ಅಂದಳು. ಆ ಹೆಸರು ಕೇಳಿ ನಾನು ಮತ್ತೊಮ್ಮೆ ಬೆಚ್ಚಿದೆ. ಅಜ್ಜಿ ಮಾತ್ರ, ಇದೇ ಮಾತಿಗೆ ಕಾದು ಕುಳಿತವಳ ಹಾಗೆ, "ಹೌದು, ಅವಗ ಕಿಸಿಕಿಸಿ ಅನ್ನೂದು ಒಂದು ಗೊತ್ತಿತ್ತು," ಅಂದಳು. ಇಬ್ಬರೂ ದಾರಿಯುದ್ದಕ್ಕೂ ಅವನ ಮಾತೇ ಆಡಿದರು.

ಅಂಗಳದಲ್ಲಿ ಮಕ್ಕಳೆಲ್ಲ ತೀರ್ಪಿಗೆ ಕಾದಿದ್ದರು. "ಹುಡುಗರಿಗೆ ಆಗಿಬರೂದಿಲ್ಲ," ಎಂದು ಅಜ್ಜಿ ಕಟ್ಟೆಯ ಮೇಲೆ ಕುಳಿತು ಸಾರಿದಳು. ಕಾರಣ ಹೇಳು ಎಂದು ನಾನು ವಾದಕ್ಕೆ ನಿಂತೆ. "ನಿನ್ನ ಬಾಯಿ ಬಂದಾಗಿತ್ತಲ್ಲ, ಇನ್ನ್ಯಾವ ಕಾರಣ?" ಅಂದಳು. ಆದರೆ ಮರುದಿನ, ತನಗೆ ಸಿನೆಮಾ ಸರಿಯಾಗಿ ಕಾಣಲಿಲ್ಲ, ಪರೀಕ್ಷೆ ಪೂರಾ ಆಗಿಲ್ಲ ಎಂದು ಅವ್ವನನ್ನು ಕರೆದುಕೊಂಡು ಮತ್ತೆ ಹೊರಟಳು. ಅದರ ಮರುದಿನವೂ. ಆ ಚಿತ್ರ ಊರು ಬಿಡುವ ತನಕ ಅವರಿಬ್ಬರ ಪರೀಕ್ಷೆ ಮುಗಿಯಲಿಲ್ಲ. ಕಾಕೂ ಹೋದವರಿಗೆ ಬಂದವರಿಗೆ ಹೇಳಿಕೊಂಡು ನಡುಗಿದರು.

ಈಗ ಆ ವಾಡೆ ಇಲ್ಲ. ಮಾಲೀಕರು ಕೆಡವಿಸಿದರು, ಆ ಜಾಗದಲ್ಲಿ ಕಟ್ಟಿಗೆಯ ಅಡ್ಡೆ ಬಂದಿದೆ. ಕೆಡವುವ ಮೊದಲು ಅದರಿಂದ ಕೊನೆಯದಾಗಿ ಚಟ್ಟ ಏರಿ ಹೊರಟ ನಮ್ಮ ಮನೆಯ ಜೀವ ಅಜ್ಜಿಯದು. ಅಂದೂ ಧೋ ಮಳೆ. ಹಾಗಾಗಿ ಚಟ್ಟವನ್ನು ಒಳಗೇ, ಪಡಸಾಲೆಯಲ್ಲಿ ಕಟ್ಟಿದರು. ಹೊತ್ತು ತಂದಾಗ ದೊಡ್ಡ ಬಾಗಿಲಿನ ಒಂದು ಪಕ್ಕೆ ತೆರೆಯಲಿಲ್ಲ. ಅಗುಳಿ ತುಕ್ಕು ಹಿಡಿದು ಕೂತಿತ್ತು. ಅರ್ಧ ಬಾಗಿಲಲ್ಲಿ ಚಟ್ಟ ಸಿಕ್ಕಿಕೊಂಡಿತು. ಹೊತ್ತವರು ಒಬ್ಬರ ಮೇಲೊಬ್ಬರು ರೇಗಿದರು. ಅವ್ವನ ಕಡೆ ನೋಡುವ ಧೈರ್ಯವಾಗಲಿಲ್ಲ. ಅವ್ವ ಹೆಂಗಸರ ಗುಂಪಿನಿಂದ ಎದ್ದು ನೇರ ಹೋದಳು, ಚಟ್ಟದ ಮೇಲಿನ ಅಜ್ಜಿಯ ಕಿವಿಯ ಹತ್ತಿರ ಬಾಯಿ ತಂದಳು.

"ಬಾಗಲದಾಗ ಸಿಕ್ಕೊಂಡದರೀ ಅತ್ತ್ಯಾರ. ಮುಂದಿನವರು ಜಗ್ಗಲಿಕ್ಕತ್ತಾರ, ಹಿಂದಿನವರು ನೂಕಲಿಕ್ಕತ್ತಾರ... ಹಾಂ, ಈಗ ವಾರಿ ಮಾಡಿದ್ರು. ಹೊಂಟ್ರಿ ನೋಡ್ರಿ."

ಕಾಕೂ ಕೆನ್ನೆಗೆ ಎತ್ತಿದ ಕೈ ಅಲ್ಲೇ ಉಳಿಯಿತು. ಅಜ್ಜ ಕೆಮ್ಮಲಿಲ್ಲ. ಚಟ್ಟ ಬಾಗಿಲು ದಾಟಿ ಓಣಿಗೆ ಇಳಿಯಿತು. ಅವ್ವ ಹೊಸ್ತಿಲಲ್ಲೇ ನಿಂತು, ಕೇಳುವ ಕಿವಿ ಇಲ್ಲದಿದ್ದರೂ, ಮೆಲ್ಲಗೆ ಹೇಳುತ್ತಲೇ ಇದ್ದಳು. ಗಿರಣಿ ದಾಟಿದರು, ಯಾರೋ ಕೊಡೆ ಹಿಡಿದರು. ಆಮೇಲೆ ಸುಮ್ಮನಾದಳು. ನಾನು ಹೋಗಿ ಅವಳ ಬಲಕ್ಕೆ ನಿಂತೆ.

"ಮುಂದ?" ಅಂದೆ.

ಅವ್ವ ಕಣ್ಣು ಕಿರಿದು ಮಾಡಿ ಓಣಿಯ ತಿರುವನ್ನು ನೋಡಿದಳು.

"ಇಲ್ಲಿಂದ ಕಾಣ್ಸೂದಿಲ್ಲವಾ," ಅಂದಳು.